ಕೋವಿಗಿಂತ ಮೊದಲು ಟಾರ್ಚು ಕೊಳ್ಳಿ

ಕಳೆದ ವಾರ ನಮ್ಮ ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದ. ಆನ್‌ಲೈನಿನಲ್ಲಿ ತರಿಸಿದ ಸಾಮಾನನ್ನೆಲ್ಲ ಮಂಚದ ಮೇಲೆ ಸಾಲಾಗಿ ಜೋಡಿಸಿ ತೆಗೆದ ಫೋಟೋ. ಮಿಲಿಟರಿ ಬಣ್ಣದ ಪ್ಯಾಂಟು, ಶರ್ಟು, ಅರ್ಧ ಬೆರಳಿನ ಕೈಗವಸು, ಸೊಂಟಕ್ಕೆ ಕಟ್ಟುವ ತೋಟೆ ಬೆಲ್ಟು, ನಳಿಗೆಗೆ ಕಚ್ಚಿಸುವ ಲೇಸರ್ ಲೈಟು, ಜೊತೆಗೆ ಒಂದು ಪೆಪ್ಪರ್ ಸ್ಪ್ರೇ. "ಅಣ್ಣಾ, ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿದೀನಿ. ಬಂದೂಕು ತರಬೇತಿಗೂ ಹೆಸರು ಕೊಟ್ಟಿದೀನಿ. ಇಷ್ಟು ಸಾಕಾ, ಇನ್ನೇನಾದ್ರೂ ತಗೋಬೇಕಾ?" ಅಂತ ಕೇಳಿದ್ದ. ಎಲ್ಲ ಸೇರಿ ಆರೂವರೆ ಸಾವಿರ ಆಗಿತ್ತಂತೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಟಾರ್ಚ್ ಯಾವುದಿದೆ ನಿನ್ನ ಹತ್ರ?"

"ಮೊಬೈಲಲ್ಲೇ ಇದೆಯಲ್ಲಣ್ಣಾ."

ಆ ಉತ್ತರ ಓದಿ ನನಗೆ ನನ್ನದೇ ಒಂದು ರಾತ್ರಿ ನೆನಪಾಯ್ತು. ಅದಕ್ಕೇ ಈ ವಾರ ಗೊಬ್ಬರ, ಕಷಾಯ ಎಲ್ಲ ಪಕ್ಕಕ್ಕಿಟ್ಟು ಇದನ್ನು ಬರೀತಿದೀನಿ. ಸಾವಯವದವನಿಗೆ ಕೋವಿಯ ಉಸಾಬರಿ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಮಲೆನಾಡಲ್ಲಿ, ಕರಾವಳಿಯಲ್ಲಿ, ಕೊಡಗಲ್ಲಿ ತೋಟ ಮಾಡೋರ ಎಷ್ಟೋ ಮನೆಗಳಲ್ಲಿ ಕತ್ತಿ, ದೋಟಿ ಇದ್ದ ಹಾಗೆ ಕೋವಿಯೂ ಇದೆ. ಇರೋದನ್ನು ಇಲ್ಲ ಅಂದುಕೊಂಡರೆ ಅಪಾಯ ಕಡಿಮೆ ಆಗಲ್ಲ.

ಒಂದು ಕೆಮ್ಮು

ನಮ್ಮದು ಹೊಸನಗರ ತಾಲೂಕಿನ ಸಣ್ಣ ಊರು. ಅಡಿಕೆ, ಕಾಳುಮೆಣಸು, ಬಾಳೆ, ಕೆಳಗೆ ಒಂದೆಕರೆ ಗದ್ದೆ. ತೋಟಗಾರಿಕೆ ಓದಿ, ಮೂರು ವರ್ಷ ಕಂಪನಿ ಕೆಲಸ ಮಾಡಿ ವಾಪಸ್ ಬಂದವನು ನಾನು. ಮುಚ್ಚಿಗೆ, ಜೀವಾಮೃತ ಎಲ್ಲ ಮಾಡಿ ಎರಡು ವರ್ಷದಲ್ಲಿ ಮಣ್ಣು ಮೆತ್ತಗಾಯ್ತು, ಎರೆಹುಳ ತುಂಬಿದವು. ಎರೆಹುಳ ಬಂದ ಮೇಲೆ ಕಾಡುಹಂದಿಯೂ ಬಂತು. ಹಂದಿಗೆ ಎರೆಹುಳ ಅಂದ್ರೆ ಹಬ್ಬದೂಟ. ಒಂದೇ ರಾತ್ರಿಯಲ್ಲಿ ನಲವತ್ತು ಬಾಳೆ ಬುಡ ಅಗೆದು ಹಾಕಿದ್ದನ್ನು ನೋಡಿ ನಾನು ತೋಟದಲ್ಲೇ ಕೂತುಬಿಟ್ಟಿದ್ದೆ.

ಅಪ್ಪಯ್ಯನ ಹೆಸರಲ್ಲಿ ಒಂಟಿ ನಳಿಗೆಯ ಒಂದು 12 ಬೋರ್ ತೋಟೆ ಕೋವಿ ಇತ್ತು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು 2016ರ ಆಯುಧ ನಿಯಮಗಳಲ್ಲಿ ದಾರಿ ಇದೆ. ಹಾಗೆ ಅದು ನನ್ನ ಹೆಸರಿಗೆ ಬಂತು. ಅದಕ್ಕೂ ಮೊದಲು ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಮುಗಿಸಿ ಪ್ರಮಾಣಪತ್ರ ತಗೊಂಡಿದ್ದೆ. ಗುರಿ ಹಲಗೆಗೆ ಚೆನ್ನಾಗೇ ಹೊಡೆದಿದ್ದೆ. ಸ್ವಲ್ಪ ಗರ್ವವೂ ಇತ್ತು ಅನ್ನಿ.

ಆ ವರ್ಷ ನವೆಂಬರ್, ಭತ್ತ ಬಾಗಿ ನಿಂತಿತ್ತು. ರಾತ್ರಿ ಹತ್ತೂವರೆ. ಗದ್ದೆ ಕಡೆ ಸದ್ದಾಯ್ತು ಅಂತ ಹೊರಟೆ. ಎಡಗೈಯಲ್ಲಿ ಮೊಬೈಲ್ ಟಾರ್ಚು, ಬಲಗೈಯಲ್ಲಿ ಕೋವಿ. ಧರೆ ಇಳಿಯೋವಾಗಲೇ ಗೊತ್ತಾಯ್ತು, ಕೋವಿಗೆ ಎರಡೂ ಕೈ ಬೇಕು, ಟಾರ್ಚ್ ಹಿಡಿಯಲು ಮೂರನೇ ಕೈ ಇಲ್ಲ. ಮೊಬೈಲನ್ನು ಜೇಬಿಗಿಟ್ಟರೆ ಬೆಳಕು ನನ್ನ ಗಲ್ಲಕ್ಕೇ ಹೊಡೆದು ಎದುರಿನದ್ದೇನೂ ಕಾಣಲಿಲ್ಲ. ಆರಿಸಿಬಿಟ್ಟೆ. ಕತ್ತಲಲ್ಲಿ ಕೋವಿ ಎತ್ತಿ ನಿಂತೆ. ಮೂವತ್ತು ಮಾರು ದೂರದಲ್ಲಿ ಭತ್ತ ಸರಸರ ಅಂತು. ತಗ್ಗಿಗೆ ಕಪ್ಪಗೆ ಗುಂಡಗೆ ಏನೋ ಒಂದು ಅಲುಗಾಡಿತು. ಬೆರಳು ಟ್ರಿಗರ್ ಮೇಲೆ ಹೋಗಿ ಕೂತಿತ್ತು.

ಆಗ ಆ ಹಂದಿ ಕೆಮ್ಮಿತು.

"ಯಾರದು?" ಅಂದೆ. ಗಂಟಲು ಒಣಗಿತ್ತು. "ನಾನೇ ಮಾರಾಯಾ, ಕೊಯ್ಲಿಗೆ ಮುಂಚೆ ನೀರು ಬಸಿಯಲಿ ಅಂತ ಬದು ಕಡಿಯಕ್ಕೆ ಬಂದಿದ್ದೆ" ಅಂತ ಪಕ್ಕದ ಗದ್ದೆಯ ಅಣ್ಣ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದು ನಿಂತರು. ನಾನು ಕೋವಿ ಕೆಳಗಿಳಿಸಿದ್ದು ಅವರಿಗೆ ಕಂಡಿತೋ ಇಲ್ಲವೋ, ಇವತ್ತಿನವರೆಗೂ ಕೇಳುವ ಧೈರ್ಯ ನನಗೆ ಬಂದಿಲ್ಲ. ಅವರ ಮನೆಯ ಮದುವೆಗೆ ಹೋಗಿದೀನಿ, ಅವರ ಮಗಳಿಗೆ ಕಾಲೇಜಿನ ಅರ್ಜಿ ತುಂಬಿ ಕೊಟ್ಟಿದೀನಿ. ಅದೊಂದನ್ನು ಮಾತ್ರ ಕೇಳಿಲ್ಲ.

ಕಾಡುಹಂದಿ ಅಂದುಕೊಂಡು ಮನುಷ್ಯನಿಗೆ ಗುಂಡು ತಾಗಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಓದಿದಾಗೆಲ್ಲ "ಎಂಥಾ ಬೇಜವಾಬ್ದಾರಿ" ಅಂತ ಬೈದು ಪುಟ ತಿರುಗಿಸ್ತಿದ್ದೆ. ಈಗ ಬೈಯಲ್ಲ. ಆ ಸುದ್ದಿಗೂ ನನಗೂ ನಡುವೆ ಇದ್ದದ್ದು ಒಂದು ಕೆಮ್ಮು ಮಾತ್ರ.

ಶಿಬಿರದ ಗುರಿ ಬೇರೆ, ಗದ್ದೆಯ ಕತ್ತಲೆ ಬೇರೆ

ಆಮೇಲೆ ಕೂತು ಯೋಚನೆ ಮಾಡಿದೆ. ತರಬೇತಿ ಸರಿ ಇರಲಿಲ್ವಾ? ಇತ್ತು. ಹೇಳಿಕೊಟ್ಟವರು ಶಿಸ್ತಾಗಿ ಹೇಳಿಕೊಟ್ಟಿದ್ದರು. ಪ್ರತಿ ಕೋವಿಯಲ್ಲೂ ತೋಟೆ ತುಂಬಿದೆ ಅಂತಲೇ ತಿಳಿಯಬೇಕು. ಹೊಡೆಯಬಾರದ್ದರ ಕಡೆ ನಳಿಗೆ ತಿರುಗಿಸಬಾರದು. ಹೊಡೆಯಲು ತೀರ್ಮಾನ ಮಾಡುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಾತ್ರಿ ಆಗದೆ ಹೊಡೆಯಬಾರದು. ಜಗತ್ತಿನಲ್ಲಿ ಎಲ್ಲೇ ಕೋವಿ ಕಲಿತರೂ ಕಲಿಸೋದು ಇದನ್ನೇ.

ಆದ್ರೆ ಶಿಬಿರದಲ್ಲಿ ಬೆಳಗಿನ ಬಿಸಿಲು. ಎದುರಿಗೆ ಬಿಳಿ ಹಲಗೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ. ನಮ್ಮ ಗದ್ದೆಯಲ್ಲಿ ಈ ಮೂರೂ ಇಲ್ಲ. ಅಂದ್ರೆ ನಾಲ್ಕನೇ ನಿಯಮ ಪಾಲಿಸೋಕೆ ಬೇಕಾದ ಬೆಳಕನ್ನು ನಾವೇ ಒಯ್ಯಬೇಕು. ಒಯ್ಯದಿದ್ದರೆ ನಿಯಮ ಬಾಯಿಪಾಠ ಮಾತ್ರ.

ನನ್ನ ಅಭಿಪ್ರಾಯ ಇಷ್ಟೇ. ನಮ್ಮಂಥವರು ಸಾಮಾನು ಕೊಳ್ಳುವ ಕ್ರಮ ತಲೆಕೆಳಗಾಗಿದೆ. ಮೊದಲು ಕೋವಿ, ಆಮೇಲೆ ಅದಕ್ಕೆ ಶೋಕಿ, ಉಳಿದರೆ ರಕ್ಷಣೆ. ಇದು ಉಲ್ಟಾ ಆಗಬೇಕು. ಮೊದಲು ಬೆಳಕು, ಆಮೇಲೆ ಕಾಲು, ಕಿವಿ, ಕಣ್ಣು, ಬೀಗ. ಕೋವಿ ಎಲ್ಲಕ್ಕಿಂತ ಕೊನೆಗೆ. ಒಂದೊಂದಾಗಿ ಹೇಳ್ತೀನಿ.

ಬೆಳಕು: ತಲೆಗೊಂದು, ಕೈಗೊಂದು

ತಲೆಗೆ ಕಟ್ಟುವ ಒಂದು ಟಾರ್ಚು ನಡೆಯೋಕೆ. ದೂರ ಬೀಳುವ ಇನ್ನೊಂದು ಟಾರ್ಚು ನೋಡೋಕೆ. ಸಾಧ್ಯ ಆದ್ರೆ ಈ ಎರಡನೆಯದನ್ನು ಹಿಡಿಯಲು ಜೊತೆಗೊಬ್ಬರು ಇರಲಿ. ಕೋವಿ ಹಿಡಿದವನು ಒಬ್ಬನೇ ಹೋಗುವುದಕ್ಕಿಂತ ಇಬ್ಬರು ಹೋಗೋದು ಒಳ್ಳೇದು. ಟಾರ್ಚಿನವರು "ಏನದು" ಅಂತ ಬಾಯಿಬಿಟ್ಟು ಹೇಳುವವರೆಗೆ ಕೋವಿಯವನು ಎತ್ತಬಾರದು.

ಆನ್‌ಲೈನಿನಲ್ಲಿ ಬಾಕ್ಸ್ ಮೇಲೆ 90,000 ಲ್ಯೂಮೆನ್ ಅಂತೆಲ್ಲ ಬರೆದಿರುತ್ತೆ. ನಂಬಬೇಡಿ. ಜೇಬಿಗೆ ಹಿಡಿಸುವ ಪ್ರಾಮಾಣಿಕ ಟಾರ್ಚು ಐನೂರು ಸಾವಿರ ಲ್ಯೂಮೆನ್ ಕೊಟ್ಟರೂ ನಮ್ಮ ಗದ್ದೆಗೆ ಧಾರಾಳ. ಸುಳ್ಳು ಪತ್ತೆ ಹಚ್ಚೋಕೆ ಒಂದು ಸುಲಭದ ಗುರುತು ಬ್ಯಾಟರಿ. ಈ ಟಾರ್ಚುಗಳಲ್ಲಿ ಬರೋದು 18650 ಅಂತ ಕರೆಯುವ ಲಿಥಿಯಂ ಸೆಲ್ಲು. ಅದರ ನಿಜವಾದ ಸಾಮರ್ಥ್ಯ ಹೆಚ್ಚು ಕಡಿಮೆ 3,500 ಎಂಎಎಚ್‌ಗೆ ಮುಗೀತು. ಸೆಲ್ ಮೇಲೆ 9,900 ಅಂತ ಇದ್ದರೆ ಆ ಟಾರ್ಚಿನ ಉಳಿದ ಮಾತೂ ಅಷ್ಟೇ ಸತ್ಯ.

ನಂಬರಿಗಿಂತ ಪರೀಕ್ಷೆ ಮೇಲು. ಟಾರ್ಚ್ ಬಂದ ರಾತ್ರಿಯೇ, ಕೋವಿ ಮುಟ್ಟದೆ, ತೋಟದಂಚಿಗೆ ಹೋಗಿ. ತಮ್ಮನನ್ನೋ ಗೆಳೆಯನನ್ನೋ ಐವತ್ತು ಹೆಜ್ಜೆ ಆಚೆ ಬಾಳೆ ಹಿಂದೆ ಬಗ್ಗಿ ಕೂರಿಸಿ. ಬೆಳಕು ಬಿಟ್ಟ ತಕ್ಷಣ ಅದು ಮನುಷ್ಯನಾ, ದನವಾ, ಪೊದೆಯಾ ಅಂತ ಹೇಳಕ್ಕೆ ಆಗುತ್ತಾ ನೋಡಿ. ಆಗದಿದ್ದರೆ ಟಾರ್ಚ್ ವಾಪಸ್ ಕಳಿಸಿ. ನಾನು ಮೂರು ಟಾರ್ಚು ಹೀಗೇ ವಾಪಸ್ ಕಳಿಸಿದೀನಿ. ಈ ಆಟವನ್ನು ಹತ್ತು ರಾತ್ರಿ ಆಡಿದರೆ ಇನ್ನೊಂದು ಲಾಭ ಇದೆ. ಬೆಳಕಲ್ಲೂ ನಮ್ಮ ಕಣ್ಣು ಎಷ್ಟು ಸಲ ತಪ್ಪು ಹೇಳುತ್ತೆ ಅಂತ ಗೊತ್ತಾಗುತ್ತೆ. ಆ ಭಯ ಇರಬೇಕು.

ನಳಿಗೆಗೆ ಟಾರ್ಚ್ ಕಟ್ಟೋದು ಬೇಡವೇ ಬೇಡ. ಅನುಕೂಲ ಅಂತ ಅನ್ನಿಸುತ್ತೆ, ಕಟ್ಟುವವರೂ ಬೇಕಾದಷ್ಟು ಜನ ಇದ್ದಾರೆ. ಆದ್ರೆ ಯೋಚಿಸಿ. ಬೆಳಕು ನಳಿಗೆಯಲ್ಲಿದ್ದರೆ ಏನನ್ನೇ ನೋಡಬೇಕಾದರೂ ಅದರ ಕಡೆ ಕೋವಿ ತಿರುಗಿಸಲೇಬೇಕು. "ಯಾರದು" ಅಂತ ನೋಡೋದೂ ಗುರಿ ಇಡೋದೂ ಒಂದೇ ಕೆಲಸ ಆಗಿಬಿಡುತ್ತೆ. ಆ ರಾತ್ರಿ ನನ್ನ ಕೋವಿಗೆ ಟಾರ್ಚ್ ಕಟ್ಟಿದ್ದರೆ ಪಕ್ಕದ ಗದ್ದೆಯ ಅಣ್ಣನ ಮುಖ ಕಂಡ ಹೊತ್ತಿಗೆ ನಳಿಗೆಯೂ ಅದೇ ಮುಖಕ್ಕೇ ಇರುತ್ತಿತ್ತು. ಲೇಸರ್ ಲೈಟಿನ ಕಥೆ ಇನ್ನೂ ಹಾಳು. ಅದು ಏನನ್ನೂ ತೋರಿಸಲ್ಲ, ಕೆಂಪು ಚುಕ್ಕಿ ಇಟ್ಟು ಧೈರ್ಯ ಮಾತ್ರ ಕೊಡುತ್ತೆ.

ಮಿಲಿಟರಿ ಬಣ್ಣ ಬೇಡ, ರಸ್ತೆ ಕೆಲಸದವರ ಜಾಕೆಟ್ ಬೇಕು

ಕಾಡಿನ ಬಣ್ಣದ ಬಟ್ಟೆ ಹಾಕಿದರೆ ಹಂದಿಗೆ ಕಾಣಲ್ಲ ಅಂತ ಹುಡುಗರ ಲೆಕ್ಕ. ಹಂದಿ ನಂಬೋದು ಮೂಗು, ಕಿವಿ. ಆ ಬಟ್ಟೆಯಿಂದ ನೀವು ಕಾಣದೆ ಹೋಗೋದು ಪಕ್ಕದ ತೋಟದಲ್ಲಿ ಕೋವಿ ಹಿಡಿದು ನಿಂತ ಇನ್ನೊಬ್ಬ ಮನುಷ್ಯನಿಗೆ. ಬೇರೆ ದೇಶಗಳಲ್ಲಿ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ತೊಡೋದು ಇದೇ ಕಾರಣಕ್ಕೆ. ಜಿಂಕೆ, ಹಂದಿಗಳ ಕಣ್ಣಿಗೆ ಆ ಕಿತ್ತಳೆ ನಮಗೆ ಕಂಡ ಹಾಗೆ ಎದ್ದು ಕಾಣಲ್ಲ. ರಸ್ತೆ ಕೆಲಸದವರು ಹಾಕುವ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ಟು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ನಾನು ಎರಡು ತಂದೆ. ಒಂದು ನನಗೆ, ಇನ್ನೊಂದನ್ನು ಪಕ್ಕದ ಗದ್ದೆಯ ಅಣ್ಣನಿಗೆ ಕೊಟ್ಟೆ. "ಇದೆಂತಕ್ಕೆ?" ಅಂದರು. "ರಾತ್ರಿ ನೀರಿಗೆ ಬರುವಾಗ ಹಾಕ್ಕೊಳ್ಳಿ" ಅಂದೆ. ಅಷ್ಟೇ ಹೇಳಿದ್ದು.

ಕಾಲು: ನಿಜವಾದ ಆತ್ಮರಕ್ಷಣೆ

ಆತ್ಮರಕ್ಷಣೆ ಅಂದ ಕೂಡಲೇ ನಮ್ಮ ತಲೆಗೆ ಕೋವಿ, ಸ್ಪ್ರೇ, ಚಾಕು ಬರುತ್ತೆ. ಆದ್ರೆ ರಾತ್ರಿ ತೋಟಕ್ಕೆ ಹೋಗೋ ರೈತನನ್ನು ಕೊಲ್ಲೋದು ಯಾವುದು? ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕೊಳಕುಮಂಡಲದ ಎದುರು ಕೋವಿ ಇದ್ದು ಪ್ರಯೋಜನ ಇಲ್ಲ. ಮೊಣಕಾಲಿನ ತನಕ ಬರುವ ಗಂಬೂಟು ಇದ್ದರೆ ಇದೆ.

ಹವಾಯಿ ಚಪ್ಪಲಿಯಲ್ಲಿ ಕೋವಿ ಹಿಡಿದು ಹೋಗೋದು ಇನ್ನೊಂದು ರೀತಿಯಲ್ಲೂ ತಪ್ಪು. ತೇವದ ಧರೆಯಲ್ಲಿ ಜಾರಿ ಬಿದ್ದಾಗ ಕೋವಿ ಎಲ್ಲಿಗೆ ತಿರುಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಮಳೆಗಾಲಕ್ಕೆ ಹಲ್ಲು ಚೆನ್ನಾಗಿರುವ ಗಂಬೂಟು, ಬೇಸಿಗೆಗೆ ಮತ್ತು ಶಿಬಿರಕ್ಕೆ ಐಎಸ್ 15298 ಗುರುತಿನ ಸೇಫ್ಟಿ ಶೂ. ಬೇಲಿ, ಸಂಕ, ಧರೆ ದಾಟುವ ಮೊದಲು ಕೋವಿ ಮುರಿದು ತೋಟೆ ತೆಗೆದು ಜೇಬಿಗಿಟ್ಟು ದಾಟಿ. ಇದಕ್ಕೆ ದುಡ್ಡೇನೂ ಬೇಡ.

ಕಿವಿ: ಅಜ್ಜಯ್ಯನಿಗೆ ಯಾಕೆ ಕೇಳ್ತಿರಲಿಲ್ಲ

"ನಮ್ಮ ಅಜ್ಜಂದಿರು ಇದೆಲ್ಲ ಇಲ್ಲದೇ ಹೊಡೀತಿರಲಿಲ್ವಾ?" ಅಂತ ಕೇಳೋರು ಇದ್ದಾರೆ. ಹೊಡೀತಿದ್ರು. ನಮ್ಮ ಅಜ್ಜಯ್ಯನಿಗೆ ಕಡೆಗಾಲದಲ್ಲಿ ಎಡಗಿವಿಗೆ ಏನೂ ಕೇಳ್ತಿರಲಿಲ್ಲ. ವಯಸ್ಸಿಗೆ ಅಂದುಕೊಂಡಿದ್ದೆವು. ಬಲ ಭುಜಕ್ಕೆ ಕೋವಿ ಇಟ್ಟು ಹೊಡೆಯುವವರಿಗೆ ನಳಿಗೆಯ ಬಾಯಿಗೆ ಹತ್ತಿರ ಇರೋದು ಎಡಗಿವಿ, ಹಾಗಾಗಿ ಅದೇ ಮೊದಲು ಹೋಗುತ್ತೆ ಅಂತ ನನಗೆ ಗೊತ್ತಾಗಿದ್ದು ಅವರು ಹೋದ ಮೇಲೆ.

140 ಡೆಸಿಬೆಲ್ ದಾಟಿದ ಒಂದೇ ಒಂದು ಸದ್ದೂ ಕಿವಿಗೆ ಕಾಯಂ ಪೆಟ್ಟು ಕೊಡಬಹುದು. 12 ಬೋರ್ ಕೋವಿಯ ಈಡು ಅದಕ್ಕಿಂತ ಜೋರು. ಒಳಗಿವಿಯ ಸೂಕ್ಷ್ಮ ಕೂದಲ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಅಡಿಕೆ ಸಸಿಯ ಹಾಗೆ ಹೊಸದು ನೆಡಕ್ಕೆ ಬರಲ್ಲ.

ಮೊಬೈಲಿನ ಇಯರ್‌ಬಡ್ ರಕ್ಷಣೆ ಅಲ್ಲ, ಹತ್ತಿಯೂ ಅಲ್ಲ. ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು. ಇಎನ್ 352 ಅಂತ ಗುರುತು ಇದೆಯಾ ನೋಡಿ. ಪೆಟ್ಟಿಗೆ ಮೇಲೆ ಎಷ್ಟು ಡೆಸಿಬೆಲ್ ಕಡಿಮೆ ಮಾಡುತ್ತೆ ಅಂತ ಬರೆದಿರುತ್ತೆ, ಇಪ್ಪತ್ತೈದರ ಆಸುಪಾಸು ಇರಲಿ. ಶಿಬಿರದಲ್ಲಿ ಪಕ್ಕದಲ್ಲಿ ನಾಲ್ಕಾರು ಜನ ಹೊಡೆಯುವಾಗ ಒಳಗೆ ಸ್ಪಂಜಿನ ಬೆಣೆ, ಮೇಲೆ ಮಫ್ ಎರಡೂ ಹಾಕಿ. ಸ್ಪಂಜನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು ಅದು ಉಬ್ಬುವ ತನಕ ಹಿಡಿಯಬೇಕು. ಸುಮ್ಮನೆ ತುರುಕಿದರೆ ಅರ್ಧ ಕೆಲಸವೂ ಆಗಲ್ಲ.

ರಾತ್ರಿ ಗದ್ದೆಯಲ್ಲಿ ಸದ್ದು ಕೇಳಬೇಕಲ್ವಾ ಅಂತ ನೀವು ಕೇಳೋದು ನ್ಯಾಯವೇ. ನಾನು ಮಫ್ ಅನ್ನು ಕುತ್ತಿಗೆಗೆ ಹಾಕಿಕೊಂಡಿರ್ತೀನಿ. ಹೊಡೆಯೋದು ಅಂತ ತೀರ್ಮಾನ ಆದ ಮೇಲೆ ಕಿವಿಗೇರಿಸ್ತೀನಿ. ಅದಕ್ಕೆ ನಾಲ್ಕು ಸೆಕೆಂಡ್ ಬೇಕು. ಆ ನಾಲ್ಕು ಸೆಕೆಂಡಿನಲ್ಲಿ "ಇದು ಹೌದಾ?" ಅಂತ ಇನ್ನೊಮ್ಮೆ ನೋಡೋಕೂ ಆಗುತ್ತೆ. ಅಷ್ಟರಲ್ಲಿ ಹಂದಿ ಓಡಿಹೋದರೆ ನಮಗೆ ಬೇಕಾಗಿದ್ದೂ ಅದೇ ಅಲ್ವಾ?

ಕಣ್ಣು, ಮತ್ತು ಕಳೆ ಯಂತ್ರದ ಲಾಭ

ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ, ಪಕ್ಕದಿಂದಲೂ ಮುಚ್ಚುವಂಥದ್ದು, ಇಎನ್ 166 ಗುರುತು ಇರುವಂಥದ್ದು. ಬಣ್ಣ ಇಲ್ಲದ ಗಾಜೇ ತಗೊಳ್ಳಿ, ರಾತ್ರಿಗೂ ಆಗುತ್ತೆ. ಒಳ್ಳೇ ಸುದ್ದಿ ಏನಂದ್ರೆ ಕಳೆ ಕೊಚ್ಚುವ ಯಂತ್ರಕ್ಕೂ ಬೇಕಾಗೋದು ಇದೇ ಕನ್ನಡಕ, ಇದೇ ಇಯರ್‌ಮಫ್, ಇದೇ ಶೂ. ವರ್ಷಕ್ಕೆ ಮೂರು ಸಲ ಕಳೆ ಹೊಡೆಯುವಾಗ ಗಂಟೆಗಟ್ಟಲೆ ಕಿವಿ ಕೊಟ್ಟು ನಿಲ್ತೀರಲ್ಲ, ಕೋವಿಯ ನೆಪದಲ್ಲಾದರೂ ತಗೊಂಡರೆ ದಿನವೂ ಉಪಯೋಗ. ಮಿಲಿಟರಿ ಕೈಗವಸು ಯಾವುದಕ್ಕೆ ಬರುತ್ತೆ ಹೇಳಿ?

ಶಿಬಿರಕ್ಕೆ ಹೋಗುವವರಿಗೆ ಇನ್ನೊಂದಿಷ್ಟು. ಮುಂದೆ ಅಂಚಿರುವ ಟೋಪಿ, ಕುತ್ತಿಗೆ ತನಕ ಗುಂಡಿ ಹಾಕುವ ಶರ್ಟು. ರೈಫಲಿನಿಂದ ಹಾರುವ ಖಾಲಿ ತೋಟೆ ಬಿಸಿ ಇರುತ್ತೆ, ಕಾಲರಿನೊಳಗೆ ಬಿದ್ದರೆ ಕೋವಿ ಹಿಡಿದೇ ಕುಣಿಯುವಂತಾಗುತ್ತೆ. ಮಲಗಿ ಹೊಡೆಯಲು ಮೊಣಕೈ ಕೆಳಗೆ ಹಾಕೋಕೆ ಒಂದು ಗೋಣಿಚೀಲ. ಒಂದು ಸಾಬೂನು. ತೋಟೆಯಲ್ಲಿ ಸೀಸ ಇದೆ, ಅದರ ಪುಡಿ ಕೈಗೆ ಅಂಟುತ್ತೆ. ಕೈ ತೊಳೆಯದೆ ತಿಂಡಿಗೆ ಕೂರಬೇಡಿ, ಆ ಬಟ್ಟೆಯಲ್ಲೇ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಮೊಬೈಲ್ ಬ್ಯಾಗಿನಲ್ಲಿರಲಿ. ಕೋವಿ ಹಿಡಿದು ರೀಲ್ಸ್ ಮಾಡಿದರೆ ಲೈಕ್ ಬರುವ ಮೊದಲು ಠಾಣೆಯಿಂದ ಫೋನ್ ಬರಬಹುದು.

ಬೀಗ, ಎಣ್ಣೆ, ಪೆಟ್ಟಿಗೆ

ಕೋವಿಯನ್ನು ಬಾಗಿಲ ಹಿಂದೆ ಗೋಡೆಗೆ ಒರಗಿಸಿಡುವ ಕಾಲ ಮುಗೀತು. ಲೈಸೆನ್ಸ್ ತಗೊಳ್ಳುವಾಗ ಸುರಕ್ಷಿತವಾಗಿ ಇಡ್ತೀನಿ ಅಂತ ಮುಚ್ಚಳಿಕೆ ಕೊಟ್ಟಿರುತ್ತೀವಿ. ಕಬ್ಬಿಣದ ಕಪಾಟು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿ. ತೋಟೆಗೆ ಬೇರೆ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೋಣೆ. ಬೀಗದ ಕೈ ಮೊಳೆಗೆ ನೇತು ಹಾಕಿದರೆ ಬೀಗ ಹಾಕಿದ ಹಾಗಲ್ಲ.

ಮಲೆನಾಡಿನ ಮಳೆಗಾಲಕ್ಕೆ ಕೋವಿಗೂ ಎಣ್ಣೆ ಬೇಕು, ತೋಟೆಗೂ ಗಾಳಿಯಾಡದ ಡಬ್ಬಿ ಬೇಕು. ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಒಯ್ಯುವ ಮೊದಲು ಕೋವಿ ಮುರಿದು ನಳಿಗೆಯಲ್ಲಿ ಬೆಳಕು ಕಾಣುತ್ತಾ ನೋಡಿ. ಕಣಜದ ಗೂಡು, ಕೆಸರು ಏನಾದರೂ ಅಡ್ಡ ಇದ್ದು ಈಡು ಹಾರಿದರೆ ನಳಿಗೆಯೇ ಸೀಳಬಹುದು. ಟ್ರಿಗರ್ ಒತ್ತಿದರೂ ಹಾರದಿದ್ದರೆ ಕೂಡಲೇ ತೆರೆಯಬೇಡಿ. ಜನ ಇಲ್ಲದ ಕಡೆಗೆ ನಳಿಗೆ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರೋದೂ ಉಂಟು.

ಪ್ರಥಮ ಚಿಕಿತ್ಸೆಯ ಒಂದು ಪೆಟ್ಟಿಗೆ ಇರಲಿ. ಅಗಲದ ಒತ್ತು ಬ್ಯಾಂಡೇಜು, ಶುದ್ಧ ಬಟ್ಟೆ, ಕತ್ತರಿ. ಒಂದು ವಿಷಯ ನೆನಪಿಡಿ. ರಕ್ತ ಸುರಿಯುತ್ತಿರುವ ಗಾಯಕ್ಕೆ ಬಿಗಿಯಾಗಿ ಒತ್ತಬೇಕು. ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಕಟ್ಟಬಾರದು, ಕುಯ್ಯಬಾರದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಸ್ಪ್ರೇ, ಏರ್‌ಗನ್, ಕಾನೂನು

ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ, ನಿಜ. ಆದ್ರೆ 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಗಳದ ಪ್ರಕರಣದಲ್ಲಿ ಅದನ್ನು ಅಪಾಯಕಾರಿ ಆಯುಧ ಅಂತಲೇ ನೋಡಿತು, ಕೇಸು ರದ್ದು ಮಾಡಲು ಒಪ್ಪಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡ್ತವೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚಲ್ಲ. ಬದುವಿನ ಜಗಳಕ್ಕೆ ಸ್ಪ್ರೇ ತೆಗೆದರೆ ಆತ್ಮರಕ್ಷಣೆ ಅನ್ನೋಕಾಗಲ್ಲ. ಕೋವಿ ತೋರಿಸಿದರಂತೂ ಕೇಳೋದೇ ಬೇಡ.

ಏರ್‌ಗನ್ ಆಟದ ಸಾಮಾನಲ್ಲ. 20 ಜೌಲ್‌ಗಿಂತ ಹೆಚ್ಚು ಶಕ್ತಿಯದ್ದಕ್ಕೆ ಲೈಸೆನ್ಸೇ ಬೇಕು. ಕಡಿಮೆಯದ್ದೂ ಮಗುವಿನ ಕಣ್ಣು, ಜೀವ ತೆಗೆಯಬಲ್ಲದು.

ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿ ಅಲ್ಲ. ಅದು ಕೋವಿ ಇಟ್ಟುಕೊಳ್ಳಲು ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದದ್ದಕ್ಕೆ ವಿನಾಯಿತಿ ಇದೆ. ಬಾಳೆ ತಿಂದಿತು ಅಂತ ನಾವೇ ತೀರ್ಮಾನ ಮಾಡಿ ಕೊಂದರೆ ಆ ವಿನಾಯಿತಿ ಸಿಗಲ್ಲ. ಸದ್ದು ಮಾಡಿ ಓಡಿಸೋದು ನಮ್ಮ ಕೆಲಸ. ಅದಕ್ಕೂ ಮನೆಗಳಿಲ್ಲದ ಗುಡ್ಡದ ಕಡೆ ನೋಡಿ ಹೊಡೆಯಬೇಕು, ಮೇಲೆ ಹೋದ ಚರೆ ಎಲ್ಲಾದರೂ ಬೀಳಲೇಬೇಕಲ್ಲ. ಆನೆ ಬಂದರೆ ಕೋವಿ ಒಳಗಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಇನ್ನು ಬೇಲಿಗೆ ನೇರ ಕರೆಂಟು ಕೊಡೋದು, ಸಿಡಿಮದ್ದು ಇಡೋದು ಇವೆರಡರ ಹತ್ತಿರವೂ ಹೋಗಬೇಡಿ. ಅದಕ್ಕೆ ಹಂದಿ ಯಾವುದು, ದನ ಯಾವುದು, ಕೂಲಿಗೆ ಬಂದ ಹೆಂಗಸು ಯಾರು ಅಂತ ಗೊತ್ತಾಗಲ್ಲ. ಬೇಲಿ ಬೇಕಿದ್ದರೆ ಬಿಟ್ಟು ಬಿಟ್ಟು ಸಣ್ಣ ಹೊಡೆತ ಕೊಡುವ ಸೋಲಾರ್ ಬೇಲಿ ಹಾಕಿಸಿ. ನಿಜ ಹೇಳಬೇಕಂದ್ರೆ ನನ್ನ ಬಾಳೆ ಉಳಿಸಿದ್ದು ಕೋವಿಗಿಂತ ಹೆಚ್ಚು ಆ ಬೇಲಿಯೇ.

ತರಬೇತಿಗೆ ಒಂದು ರಾತ್ರಿ ಬೇಕು

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಅದನ್ನು ಮತ್ತೆ 2029ರವರೆಗೆ ಮುಂದುವರಿಸಿದರು. ಅಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡ್ತಾರೆ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತೆ. ಹಿರಿಯರ ಕಣ್ಣೆದುರಿಗೆ ಕಿರಿಯರು ಕೋವಿ ಹಿಡಿಯೋದು ಕಲೀತಾರೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಮಾತ್ರ ಅಪ್ಪನಿಂದ ಮಗನಿಗೆ ಬಂತು, ಕಲಿಕೆ ಬರಲಿಲ್ಲ. ಆ ಜಾಗ ತುಂಬಬೇಕಾದದ್ದು ತರಬೇತಿ.

ಅದಕ್ಕೇ ನನ್ನ ಒಂದು ಒತ್ತಾಯ. ಪ್ರಮಾಣಪತ್ರ ಸಿಕ್ಕಿತು ಅಂತ ಫೈಲಿಗೆ ಸೇರಿಸಿ ಮರೆಯಬೇಡಿ. ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯ ನಂತರ 5 ವರ್ಷ ಆಗಿದೆ. ಐದು ವರ್ಷದಲ್ಲಿ ಕಲಿತದ್ದೆಲ್ಲ ಮರೆತುಹೋಗುತ್ತೆ. ಪ್ರತಿ ವರ್ಷ ಭತ್ತ ಹೊಡೆ ಬರುವ ಮೊದಲು ಊರಿನ ಕೋವಿಯವರೆಲ್ಲ ಒಂದು ರಾತ್ರಿ ಸೇರಿ, ಕೋವಿ ಮನೆಯಲ್ಲೇ ಬಿಟ್ಟು, ಟಾರ್ಚ್ ಮಾತ್ರ ಹಿಡಿದು ಗದ್ದೆ ಸುತ್ತಿ. ಯಾರ ಗದ್ದೆ ಎಲ್ಲಿ, ಯಾವ ಕಡೆ ಮನೆ, ಯಾರು ಯಾವ ಹೊತ್ತಿಗೆ ನೀರಿಗೆ ಬರ್ತಾರೆ ಎಲ್ಲ ಮಾತಾಡಿಕೊಳ್ಳಿ. ಒಂದು ವಾಟ್ಸಾಪ್ ಗುಂಪು ಮಾಡಿ, "ಇವತ್ತು ರಾತ್ರಿ ಗದ್ದೆಗೆ ಹೋಗ್ತಿದೀನಿ" ಅಂತ ಒಂದು ಸಾಲು ಹಾಕೋದನ್ನು ರೂಢಿ ಮಾಡಿ. ನಮ್ಮ ಊರಲ್ಲಿ ಎರಡು ವರ್ಷದಿಂದ ಇದು ನಡೀತಿದೆ. ತರಬೇತಿ ಕೊಡುವ ಇಲಾಖೆಯವರೂ ಒಂದು ಸಂಜೆಯನ್ನು ಕತ್ತಲೆಗಾಗಿ ಮೀಸಲಿಟ್ಟರೆ ನಮ್ಮಂಥವರಿಗೆ ದೊಡ್ಡ ಉಪಕಾರ.

ಫೋಟೋ ಕಳಿಸಿದ ಹುಡುಗನಿಗೆ ಇಷ್ಟೆಲ್ಲ ಬರೆಯಲಿಲ್ಲ. ಲೇಸರ್ ಲೈಟು, ಬಟ್ಟೆ, ಬೆಲ್ಟು ವಾಪಸ್ ಮಾಡು, ಆ ದುಡ್ಡಿಗೆ ಎರಡು ಟಾರ್ಚು, ಒಂದು ಜೊತೆ ಗಂಬೂಟು, ಒಂದು ಇಯರ್‌ಮಫ್, ಒಂದು ಕನ್ನಡಕ, ಎರಡು ಹೊಳೆಯುವ ಜಾಕೆಟ್ ತಗೋ ಅಂದೆ. "ಎರಡು ಯಾಕಣ್ಣಾ?" ಅಂದ.

ಒಂದು ನಿನಗೆ. ಇನ್ನೊಂದು ಪಕ್ಕದ ಗದ್ದೆಯವರಿಗೆ.